ಹುಣಸೆಯೊಳಗಿನ ಮೊಳೆ

ಹಸಿ ಹುಣಸೆ ಕಟ್ಟಿಗೆಗೆ ಒಂದು ವಾಸನೆಯಿದೆ, ಪೂರ್ತಿ ಹುಳಿಯೂ ಅಲ್ಲ, ಒಗರೂ ಅಲ್ಲ. ಗುರುಗುಂಟಾದಲ್ಲಿ ನಾನು ಚಿಕ್ಕವಳಿದ್ದಾಗ, ಅಜ್ಜಿ ಹಿತ್ತಲಲ್ಲಿ ಟೊಂಗೆ ಸೀಳುತ್ತಿದ್ದರೆ ಸೀಳಿದ ಕಡೆ ಮೂಗಿಟ್ಟು ಕೂರುತ್ತಿದ್ದೆ. ಇಪ್ಪತ್ತಾರನೆಯ ವಯಸ್ಸಿನಲ್ಲಿ ಅದೇ ವಾಸನೆ ನನ್ನ ತಲೆಯ ಹಿಂದಿನಿಂದ ಬಂತು. ಬೆನ್ನು ಕಾಲುವೆಯ ತೂಬಿನ ಪಕ್ಕದ ಹುಣಸೆ ಮರಕ್ಕೆ ಒತ್ತಿತ್ತು. ಅತ್ತೆ ಆದೆಮ್ಮ ನನ್ನ ಎರಡೂ ಮಣಿಕಟ್ಟು ಹಿಡಿದಿದ್ದರು. ದೆವ್ವ ಬಿಡಿಸುವವನು ನನ್ನ ಕೂದಲಿನ ಎಳೆಯನ್ನು ಮೊಳೆಗೆ ಸುತ್ತಿ, ನೆತ್ತಿಗೆ ಸರಿಯಾಗಿ ಮರಕ್ಕೆ ಹೊಡೆದು, ಆ ಎಳೆ ಕತ್ತರಿಸಿದ.

ಅದು ಎಂಬತ್ತಾರನೆಯ ಇಸವಿ. ಬಿ.ಎ. ಮುಗಿಸಿದ್ದ ನನಗೆ ಶಿಕ್ಷಕಿ ಕೆಲಸದ ಆದೇಶ ಬಂದಿತ್ತು. ಕಟ್ಟಿಗೆ ವ್ಯಾಪಾರದ ಮನೆಯ ಸೊಸೆಗೆ ಅದೇಕೆ ಎಂದು ಅತ್ತೆ ಅದನ್ನು ಒಲೆಗೆ ಹಾಕಿದರು. ಆಮೇಲೆ ಮೂರು ತಿಂಗಳು ನಾನು ಯಾರೊಡನೆಯೂ ಮಾತಾಡಲಿಲ್ಲ. ಅದಕ್ಕೇ ದೆವ್ವ ಎಂದರು. ಮೊಳೆಯ ವಿಷಯ ಯಾರಿಗೆ ಹೇಳಿದರೂ ದೆವ್ವ ಮರಳಿ ಬರುತ್ತದೆ ಎಂದು ಮೊಳೆ ಹೊಡೆದವನು ಎಚ್ಚರಿಸಿದ್ದರಿಂದ, ಟ್ರ್ಯಾಕ್ಟರ್ ತೆಗೆದುಕೊಂಡು ಮಸ್ಕಿ ಕಡೆ ಹೋಗಿದ್ದ ನನ್ನ ಗಂಡ ಮೈಲಾರಲಿಂಗಪ್ಪನವರಿಗೂ ನಾವು ಹೇಳಲಿಲ್ಲ.

ಎಂಟು ವರ್ಷ ಕಳೆದ ಮೇಲೆ, ಸಿಂಧನೂರಿನ ಒಂದು ಸಣ್ಣ ಶಾಲೆಯಲ್ಲಿ ಕಲಿಸಲು ಅತ್ತೆ ಒಪ್ಪಿದರು. "ಅದನ್ನ ಅಲ್ಲೇ ಬಡದಿಟ್ಟೀವಿ, ಇನ್ನೇನು ಅಂಜಿಕಿಲ್ಲ, ಹೋಗು" ಎಂದರು. ದಿನಾ ಬೆಳಿಗ್ಗೆ ನಾನು ಹೊಸ್ತಿಲು ದಾಟುತ್ತಿದ್ದುದು ಆ ಮೊಳೆಯ ದಯೆಯಿಂದ.

ಆ ವರ್ಷವೇ ಒಂದು ಭಾನುವಾರ ವಳಕಮದಿನ್ನಿಯಲ್ಲಿ ಕೆಲಸವಿತ್ತು. ನೆರಳಿಗೆ ಭತ್ತ ಕಾಳುಗಟ್ಟುವುದಿಲ್ಲವೆಂದು ಹೊಲದವರು ಬದುವಿನ ಮರವೊಂದನ್ನು ನಮಗೆ ಮಾರಿದ್ದರು. ಗಂಡಸರು ಮೊದಲೇ ಹೋಗಿದ್ದರು. ರೊಟ್ಟಿ ಬುಟ್ಟಿ ಹೊತ್ತು ನಾನೂ ಅತ್ತೆಯೂ ಬಸ್ಸಿಳಿದು ಹೋಗುವಷ್ಟರಲ್ಲಿ ಮರ ನೆಲಕ್ಕೆ ಬಿದ್ದಿತ್ತು. ಪಕ್ಕದ ಕಾಲುವೆಯ ತೂಬು ಕಂಡ ಕೂಡಲೇ ಅದು ಯಾವ ಮರವೆಂದು ಇಬ್ಬರಿಗೂ ತಿಳಿಯಿತು. ಅತ್ತೆ ಮತ್ತೆ ನನ್ನ ಮಣಿಕಟ್ಟು ಹಿಡಿದರು.

"ಬಾಯಿ ಬಿಟ್ಟಿ ಅಂದ್ರ ನೋಡು. ಸಾಲಿ ಇಲ್ಲ, ಏನಿಲ್ಲ. ಮತ್ತ ಮೂಲಿ ಹಿಡದು ಕುಂದರತಿ."

ನಮ್ಮ ಕೂಡ ಕೆಲಸ ಮಾಡುವ ದಾವಲ್‌ಸಾಬ್ ಕುಂಟುತ್ತ ಕೊಡಲಿಯಿಂದ ಟೊಂಗೆ ಸವರುತ್ತಿದ್ದರು. ಹದಿನೈದು ದಿನದ ಹಿಂದೆ ಲಿಂಗಸುಗೂರಿನ ಹತ್ತಿರ, ಜಾಲಿ ಮರದೊಳಗೆ ಹೂತಿದ್ದ ತಂತಿಗೆ ಮಷೀನ್ ಗರಗಸ ತಾಗಿ, ಚೈನು ಹರಿದು ಅವರ ಕಾಲು ಸೀಳಿತ್ತು.

"ಈ ಮಷೀನು ಕುಡಿಯೋ ಎಣ್ಯಾಗ ನಮ್ಮ ಮನಿಯಾಕಿ ಲಾಲ್‌ಬೀ ತಿಂಗಳಾನಗಟ್ಲೆ ಮಿರ್ಚಿ ಕರೀತಿದ್ಲು ನೋಡ್ರಿ ಅಕ್ಕಾರ!"

"ಮೊದಲ ನೆಟ್ಟಗ ನಡಿಯೋದು ಕಲಿ, ಆಮ್ಯಾಲ ಮಿರ್ಚಿ ತಿನ್ನುವಂತಿ" ಎಂದು ನನ್ನ ಗಂಡ ನಕ್ಕು ಗರಗಸ ಚಾಲೂ ಮಾಡಿದರು.

ಸುಣ್ಣದಿಂದ ಗುರುತಿಟ್ಟ ಗೆರೆಗಳ ಮೇಲೆ ತುದಿಯಿಂದ ಬುಡದ ಕಡೆಗೆ ಕೊಯ್ಯುತ್ತ ಬಂದರು. ಒಂದು ತುಂಡು ಬಿತ್ತು. ಎರಡನೆಯದು ಬಿತ್ತು. ಅತ್ತೆಯ ಹಿಡಿತ ಬಿಗಿಯಾಯಿತು. ಗರಗಸ ಮೂರನೆಯ ಸುಣ್ಣದ ಗೆರೆಯ ಹತ್ತಿರ ಬಂದಾಗ ಕೈ ಕಿತ್ತುಕೊಂಡು ಓಡಿಹೋಗಿ ಗಂಡನ ಎದುರು ನಿಂತೆ. ಅವರು ಬೆಚ್ಚಿ ಮಷೀನು ನಿಲ್ಲಿಸಿದರು.

"ಹುಚ್ಚು ಹಿಡದೈತೇನಲೇ ನಿನಗ?"

"ಅದರಾಗ ಮೊಳಿ ಐತ್ರಿ."

"ಎಲ್ಲಿ? ಏನೂ ಕಾಣವಲ್ದು."

ತೊಗಟೆ ಅದನ್ನು ಎಂದೋ ನುಂಗಿತ್ತು. ನನಗೆ ಗೊತ್ತಿದ್ದ ಅಳತೆ ಒಂದೇ, ನನ್ನ ಎತ್ತರ. ಮರವನ್ನು ನೆಲದಿಂದ ಮೊಳದಷ್ಟು ಮೇಲೆ ಕೊಯ್ದಿದ್ದರು. ಕೊಯ್ದ ಬುಡದಿಂದ ಒಂದು ಮೊಳ ಆಚೆಗೆ ಹಿಮ್ಮಡಿಯಿಟ್ಟು, ದಿಮ್ಮಿಯ ಪಕ್ಕಕ್ಕೆ ಅಂಗಾತ ಮಲಗಿದೆ.

"ಅಕ್ಕಾರ, ನಿದ್ದಿಗೆ ಇದ..." ಎಂದು ಶುರುಮಾಡಿದ ದಾವಲ್‌ಸಾಬ್ ನನ್ನ ಮುಖ ನೋಡಿ ಕೊಡಲಿ ಕೆಳಗಿಟ್ಟರು. ಹೆಗಲ ಮೇಲಿನ ಟವೆಲ್ ಮಡಚಿ, ಮುಳ್ಳು ಕಸದ ಮೇಲಿದ್ದ ನನ್ನ ತಲೆಯ ಕೆಳಗೆ ಸರಿಸಿದರು. ನಾನು ಕೈಯೆತ್ತಿ ನೆತ್ತಿಯ ನೇರಕ್ಕೆ ದಿಮ್ಮಿ ಮುಟ್ಟಿದೆ. ಬೆರಳು ಸುಣ್ಣದ ಗೆರೆಯ ಮೇಲೆಯೇ ಬಿತ್ತು.

ನಾನೆದ್ದು ಸರಿದ ಮೇಲೆ ದಾವಲ್‌ಸಾಬ್ ಅಲ್ಲಿ ಕೊಡಲಿ ಹಾಕಿದರು. ನಾಲ್ಕನೆಯ ಏಟಿಗೆ ಕಿಡಿ ಹಾರಿತು. ಕಪ್ಪಾದ ಮೊಳೆ. ಕೂದಲು ಏನೂ ಉಳಿದಿರಲಿಲ್ಲ.

"ನಿನಗ ಹೆಂಗ ಗೊತ್ತು?" ಎಂದರು ನನ್ನ ಗಂಡ.

ಎಲ್ಲ ಹೇಳಿದೆ. ಅವರು ತಾಯಿಯ ಕಡೆ ತಿರುಗಿದರು. ಅತ್ತೆ ಮೊಳೆ ಕೀಳಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದರು.

"ಯವ್ವಾ, ಅಕಿ ಹೇಳಿದ್ದಕ್ಕ ನನ್ನ ಕೈ ಉಳದೈತಿ."

"ಕೈನೂ ಉಳದೈತಿ, ದೆವ್ವನೂ ಉಳದೈತಿ. ಕಿತ್ತ ಮ್ಯಾಲ ಅದಕ್ಕೊಂದು ಜಾಗ ಬೇಕಲ್ಲ? ಅಲ್ಲೀತನಕ ಸಾಲಿ ಬಂದ್."

ಸಂಜೆ ಟ್ರೇಲರಿನಲ್ಲಿ ದಿಮ್ಮಿಗಳ ಮೇಲೆ ಕೂತು ಊರಿಗೆ ಬಂದೆವು. ದಾರಿಯುದ್ದಕ್ಕೂ ಹುಣಸೆಯ ವಾಸನೆ. ನಾನು ಮೂಗಿಗೆ ಸೆರಗು ಹಿಡಿದುಕೊಂಡೆ.

ಮರುದಿನ ಬೆಳಿಗ್ಗೆ ಒಳಗೆ ಸುಮ್ಮನೆ ತಲೆ ಬಾಚಿಕೊಳ್ಳುತ್ತಿದ್ದೆ. ಬಾಗಿಲ ಕಡೆಯಿಂದ ಸುತ್ತಿಗೆಯ ಸಪ್ಪಳ ಕೇಳಿತು. ಬಾಗಿಲಿಗೇ ಮೊಳೆ ಹೊಡೆಯುತ್ತಿದ್ದಾರೆ ಎಂದುಕೊಂಡು ಬಾಚಣಿಗೆ ಹಿಡಿದೇ ಬಾಗಿಲವರೆಗೆ ಬಂದೆ. ಅತ್ತೆ ಹೊಸ್ತಿಲ ಮುಂದೆ ಕೂತಿದ್ದರು. ಅದೇ ಹಳೆಯ ಮೊಳೆ ತಲೆಯವರೆಗೂ ಹೊಸ್ತಿಲೊಳಗೆ ಇಳಿದಿತ್ತು. ಅದರ ಮೇಲೆ ಅರಿಶಿನ ಹಚ್ಚಿದರು.

"ಇನ್ನ ಇಲ್ಲೇ ಬಿದ್ದಿರು" ಎಂದು ಮೊಳೆಗೆ ಹೇಳಿದರು.

ನಾನು ಒಳಗೇ ನಿಂತಿದ್ದೆ. ಮಂಡಿ ಹಿಡಿದುಕೊಂಡು ಎದ್ದ ಅತ್ತೆ, ನನ್ನ ಮುಖ ನೋಡದೆ ಅಡುಗೆಮನೆಗೆ ಹೋಗಿ ಬಂದರು. ನಾನು ಶಾಲೆಗೆ ಒಯ್ಯುವ ಬುತ್ತಿ ಡಬ್ಬಿಯನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗಿಟ್ಟರು. ರೊಟ್ಟಿ ಇನ್ನೂ ಬಿಸಿಯಿತ್ತು.