ಗಿಟಾರು ಕಂಠಪ್ಪನವರು

ಕಂಠಪ್ಪನವರು ಯಾರಿಗೂ ಮುಖ ಕೊಟ್ಟು ನುಡಿಸಿದವರಲ್ಲ. ಹುಣಸೂರಿನ ಮರದ ಡಿಪೋದ ಹಿಂದೆ ತಗಡು ಹೊದಿಸಿದ ಒಂದು ಲಾರಿ ಷೆಡ್ಡಿತ್ತು. ಸಂತೆಯ ದಿನ ಮಧ್ಯಾಹ್ನ, ಕಾಕನಕೋಟೆಯ ಕಾಡಿಗೆ ಲಾರಿ ಹೋಗದ ಆ ಒಂದು ಹೊತ್ತಿನಲ್ಲಿ, ಅವರು ಹಳೆಯ ಟೈರೊಂದರ ಮೇಲೆ ಕುಳಿತು, ಗೋಡೆಗೆ ಮುಖಮಾಡಿ, ಗಿಟಾರನ್ನು ತೊಡೆಯ ಮೇಲಕ್ಕೆ ಎಳೆದುಕೊಂಡರೆಂದರೆ, ಕೇಳುವವರಿಗೆ ಕಾಣುತ್ತಿದ್ದುದು ಅಗಲವಾದ ಒಂದು ಬೆನ್ನು, ಬಣ್ಣಗೆಟ್ಟ ಖಾಕಿ ಕೋಟು, ನೆಲಕ್ಕೆ ತಾಳ ಹಾಕುವ ಒಂದು ಮಿಲಿಟರಿ ಬೂಟು, ಇಷ್ಟೇ. ಹಣೆಯ ವಿಭೂತಿಯನ್ನೂ ತಂತಿಯ ಮೇಲೆ ಜಾರಿಸಲೆಂದು ಎಡಗೈ ಕಿರುಬೆರಳಿಗೆ ತೊಡಿಸಿಕೊಂಡ ಒಡೆದ ಔಷಧದ ಸೀಸೆಯ ಕತ್ತನ್ನೂ ನೋಡಬೇಕೆಂದರೆ ಗೋಡೆಯಾಗಿಯೇ ಹುಟ್ಟಬೇಕಿತ್ತು.

ನಾನು ಆ ಊರಿನ ಹೈಸ್ಕೂಲಿಗೆ ಮೇಷ್ಟರಾಗಿ ಹೋದದ್ದು ೧೯೫೨ರಲ್ಲಿ. ಡಿಪೋದ ಬೇಲಿಗೆ ತಾಗಿದಂತೆ ನನ್ನ ಕೋಣೆ. ಮೈಸೂರಿನಲ್ಲಿ ನಾಲ್ಕು ವರ್ಷ ಸಂಗೀತ ಕಚೇರಿಗಳನ್ನು ಕೇಳಿ ಕಿವಿ ಪಳಗಿದೆಯೆಂಬ ಅಹಂಕಾರ ನನ್ನದು. ಮೊದಲ ಸಲ ಆ ನಾದ ಕೇಳಿದಾಗ ವಾದ್ಯ ಶ್ರುತಿಗೆಟ್ಟಿದೆಯೆಂದೇ ತೀರ್ಮಾನಿಸಿದೆ. ಗಾಂಧಾರ ತನ್ನ ಸ್ಥಾನದಲ್ಲಿ ನಿಲ್ಲುತ್ತಿರಲಿಲ್ಲ. ಸಾಧಾರಣ, ಅಂತರ ಎಂಬ ಅದರ ಎರಡು ನೆಲೆಗಳ ನಡುವೆ, ಯಾವ ಮನೆಗೂ ಸೇರದ ಜಾಗದಲ್ಲಿ ನಿಂತು ನಡುಗುತ್ತಿತ್ತು. ಹೇಳಿಯೇಬಿಡೋಣ ಎಂದು ಬೇಲಿ ದಾಟಿದವನು ಅಲ್ಲೇ ನಿಂತೆ. ನನ್ನ ತಂದೆ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು. ಆ ಸಂಗತಿ ಅದುವರೆಗೆ ನನಗೆ ಪೂರ್ತಿ ತಿಳಿದೇ ಇರಲಿಲ್ಲವೇನೋ ಅನ್ನಿಸಿತು.

ಅವರ ಕಥೆ ನನಗೆ ತುಂಡುತುಂಡಾಗಿ, ಎರಡು ವರ್ಷಗಳಲ್ಲಿ ಸಿಕ್ಕಿತು. ಯಾವ ಮಾತು ಎದೆಯ ಹತ್ತಿರ ಬಂದರೂ 'ಅದಿರ್ಲಿ ಬುಡಿ' ಎಂದು ಅಲ್ಲಿಗೇ ತುಂಡರಿಸುವುದು ಅವರ ಅಭ್ಯಾಸ. ಪಿರಿಯಾಪಟ್ಟಣದ ವ್ಯಾಪಾರದ ಮನೆತನ. ಅಂಗಡಿಯಲ್ಲಿ ಕೂರಲಾರದೆ, ತಾಯಿ ಗುರುಶಾಂತಮ್ಮ ಬೇಡವೆಂದರೂ ಕೇಳದೆ, ಯುದ್ಧಕಾಲದಲ್ಲಿ ಡ್ರೈವರಾಗಿ ಸೈನ್ಯ ಸೇರಿದರು. ಅಸ್ಸಾಮಿನಿಂದ ಬರ್ಮಾಕ್ಕೆ ಕಾಡು ಕಡಿದು ರಸ್ತೆ ಮಾಡುತ್ತಿದ್ದ ಕಡೆಗೆ ಅವರನ್ನು ಕಳಿಸಿದರು. ಅಲ್ಲಿ ಅಮೆರಿಕದ ಕರಿಯ ಸೈನಿಕರ ದಂಡೊಂದಿತ್ತು. ಎಜ್ರಾ ಎಂಬವನು ಅದರಲ್ಲೊಬ್ಬ; ಕಂಠಪ್ಪನವರ ಬಾಯಲ್ಲಿ ಎಜ್ರಪ್ಪ.

"ಅವರ ಬಿಳಿ ಜನ ಒಂದ್ ಕಡೆ ಉಣ್ಣೋರು, ಇವ್ರು ಒಂದ್ ಕಡೆ. ಇವನಜ್ಜ ಗುಲಾಮನಾಗಿ ಹತ್ತಿ ಬಿಡಿಸ್ತಿದ್ನಂತೆ. ಆ ಹೊಲದಾಗಿಂದ ಬಂದ ಹಾಡಂತೆ ಇದು. ಬ್ಲೂಸು ಅಂತಾರೆ. ನೀಲಿ ಅಂತ. ಅವರಲ್ಲಿ ದುಃಖದ ಬಣ್ಣ ನೀಲಿಯಂತೆ."

ಅಲ್ಲಿರುವಾಗಲೇ ಅವರಿಗೆ ಊರಿನಿಂದ ಸೋದರಮಾವನ ಕಾಗದ ಬಂತು. ತಾಯಿ ಸತ್ತು ಆಗಲೇ ಎರಡು ತಿಂಗಳಾಗಿತ್ತು.

"ಅಳು ಬರ್ಲಿಲ್ಲ ಮೇಷ್ಟ್ರೇ. ಕಾಗ್ದ ಮಡಿಚಿ ಜೇಬಿಗಿಟ್ಕೊಂಡು ಇನ್ನೆರಡು ಟ್ರಿಪ್ಪು ಜಲ್ಲಿ ಹೊಡ್ದೆ. ಎಜ್ರಪ್ಪ ನನ್ನ ಮಕ ನೋಡ್ದ. ಏನಾಯ್ತು ಅಂತ ಕೇಳ್ಲಿಲ್ಲ. ಗಿಟಾರು ತಕ್ಕೊಂಡು ಬಂದು ನನ್ನ ಲಾರಿ ಪಕ್ಕ ಕೂತ್ಕೊಂಡು ಬಾರ್ಸ್ದ. ಸಾವಿನ ಮನೇಲಿ ನಮ್ಮವ್ವ ಹಾಡ್ಕೊಂಡು ಅಳ್ತಿದ್ಲಲ್ಲ, ಅಂಗೇ ಇತ್ತು ಕಣ್ರೀ. ಸಮುದ್ರದ ಆಚೆಯೋನಿಗೆ ಇದನ್ನ ಯಾರು ಕಲಿಸಿದ್ರೋ. ಆವಾಗ ಅತ್ಬುಟ್ಟೆ. ಅದಿರ್ಲಿ ಬುಡಿ."

ಹದಿನಾಲ್ಕು ತಿಂಗಳು ಅವನ ಬಳಿ ಕಲಿತರು. ದಂಡು ಹಡಗು ಹತ್ತಲು ಅಲ್ಲಿಂದ ಹೊರಟ ದಿನ ಎಜ್ರಾ ತನ್ನ ಗಿಟಾರನ್ನು ಇವರ ಲಾರಿಯ ಸೀಟಿನ ಮೇಲೆ ಇಟ್ಟು, ಬೆನ್ನು ತಟ್ಟಿ ಹೊರಟುಹೋದ. ಆಮೇಲೆ ಅವನ ಸುದ್ದಿಯಿಲ್ಲ. ಯುದ್ಧ ಮುಗಿದು ಊರಿಗೆ ಬಂದವರು ಮದುವೆಯಾಗಲಿಲ್ಲ. ಹುಣಸೂರಿನ ಡಿಪೋದಲ್ಲಿ ಡ್ರೈವರಾಗಿ ಆ ಷೆಡ್ಡಿನ ಪಕ್ಕದಲ್ಲೇ ಉಳಿದುಬಿಟ್ಟರು.

ಅವರ ಲಾರಿಗೆ ಮರ ಹತ್ತಿಸುತ್ತಿದ್ದವನು ಹತ್ತಿರದ ಗುರುಪುರದ ಸಣ್ಣಬೀರಯ್ಯ. ಎಂಟು ವರ್ಷ ಅವರ ಜೊತೆಗಿದ್ದ, ಮಾತು ಕಡಮೆಯ ಆಳು. ಗಿಟಾರನ್ನು ಅವನು ಪೆಟ್ಟಿಗೆ ಎನ್ನುತ್ತಿದ್ದ. "ಡ್ರೈವರ್ರೇ, ನಿಮ್ ಪೆಟ್ಗೆ ಮನ್ಸ್ರಂಗೇ ಅಳ್ತದೆ" ಎಂದು ಅವನೊಮ್ಮೆ ಹೇಳಿದ್ದನ್ನು ಕಂಠಪ್ಪನವರು ಬಿರುದು ಸಿಕ್ಕಿದವರಂತೆ ನನಗೆ ಹೇಳಿಕೊಂಡಿದ್ದರು. ಐವತ್ತೈದರ ಬೇಸಗೆಯಲ್ಲಿ, ಕಾಕನಕೋಟೆಯ ಕಾಡಿನಲ್ಲಿ, ತೇಗದ ದಿಮ್ಮಿಯೊಂದನ್ನು ಹತ್ತಿಸುವಾಗ ಸರಪಳಿ ಕಡಿದು ಅದು ಅವನ ಮೇಲೆ ಉರುಳಿತು. ಶವವನ್ನು ಕಂಠಪ್ಪನವರೇ ಲಾರಿಯಲ್ಲಿ ಗುರುಪುರಕ್ಕೆ ತಂದರು.

ಹೆಂಡತಿ ಚಿಕ್ಕಬೀರಮ್ಮ ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ. ಎರಡು ದಿನ ಅನ್ನ ಮುಟ್ಟದೆ, ರೆಪ್ಪೆ ಅಲುಗಿಸದೆ ಕಂಬಕ್ಕೊರಗಿ ಕೂತಿದ್ದಳು. ಹೆಂಗಸರು ಕೆನ್ನೆ ತಟ್ಟಿ ನೋಡಿದರು, ಬೈದು ನೋಡಿದರು, ಗಂಡನ ಅಂಗಿ ತಂದು ಮಡಿಲಿಗೆ ಹಾಕಿ ನೋಡಿದರು. ಮೂರನೆಯ ದಿನ ಬೆಳಗ್ಗೆ ಕಂಠಪ್ಪನವರು ಗಿಟಾರು ಹಿಡಿದು ಹೊರಟರು. ಏಕೋ ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋದೆ.

ಅಂಗಳದಾಚೆ ಒಂದು ಕಲ್ಲಿನ ಮೇಲೆ, ಮನೆಗೆ ಬೆನ್ನುಹಾಕಿ ಅವರು ಕುಳಿತಾಗ ಸಣ್ಣಬೀರಯ್ಯನ ತಮ್ಮ ನಂಜಣ್ಣ ಓಡಿಬಂದ.

"ಸಾವಿನ ಮನೆ ಮುಂದೆ ಇದೇನ್ ಸ್ವಾಮಿ ಬಾರ್ಸಾಟ? ಏಳಿ ಮೇಲೆ."

"ಒಂದ್ ಗಳಿಗೆ ಕಣಪ್ಪ" ಎಂದರು ಕಂಠಪ್ಪನವರು. ಧ್ವನಿ ಬೇಡುವಂತಿತ್ತು.

ಸೀಸೆಯ ಕತ್ತು ತಂತಿಯ ಮೇಲೆ ಜಾರಿತು. ಒಂದೇ ಸ್ವರ ಏರಲು ಹೋಗಿ, ಏರಲಾರದೆ, ನಡುವೆ ನಿಂತು ಬಳುಕಿ ಇಳಿಯಿತು, ಮತ್ತೆ ಏರಿತು. ಅದರ ಕೆಳಗೆ ಹೆಬ್ಬೆರಳು ದಪ್ಪ ತಂತಿಯನ್ನು ಮೀಟುತ್ತ, ಭಾರ ಹೊತ್ತವನು ದಾರಿ ನಡೆಯುವ ಹಾಗೆ, ಬಿಡದೆ ಹೆಜ್ಜೆ ಹಾಕುತ್ತಿತ್ತು. ನಂಜಣ್ಣನ ಕೈ ಅವರ ಭುಜದ ಮೇಲೆ ಬಿದ್ದಿತ್ತು, ಎಳೆದು ಎಬ್ಬಿಸುವುದಕ್ಕೆ. ಅಷ್ಟರಲ್ಲಿ ಒಳಗಿನಿಂದ ಒಂದು ದನಿ ಬಂತು. ಮೊದಲು ಕೆಮ್ಮಿನಂತಿತ್ತು, ಆಮೇಲೆ ಎದೆ ಸೀಳಿಕೊಂಡು "ನನ್ ದೊರೆಯೇ" ಎಂಬ ಮಾತಾಯಿತು, ಆಮೇಲೆ ಹಾಡಾಯಿತು. ಹೆಂಗಸರೆಲ್ಲ ಅವಳನ್ನು ಹಿಡಿದುಕೊಂಡು ಜೊತೆಗೂಡಿದರು. ಕಂಠಪ್ಪನವರು ಗಿಟಾರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದರು. ಹಿಂದಿರುಗಿ ನೋಡದೆ ರಸ್ತೆಗೆ ಇಳಿದರು.

ಅಲ್ಲಿಂದ ಮುಂದೆ ಚಿಕ್ಕಬೀರಮ್ಮ ಸೊಪ್ಪು ಮಾರಲು ಹುಣಸೂರಿನ ಸಂತೆಗೆ ಬರತೊಡಗಿದಳು. ವ್ಯಾಪಾರ ಮುಗಿದ ಮೇಲೆ, ಖಾಲಿ ಕುಕ್ಕೆಯನ್ನು ಸೊಂಟಕ್ಕಿಟ್ಟುಕೊಂಡು, ಡಿಪೋದ ಬೇಲಿಯ ಆಚೆ ಸ್ವಲ್ಪ ಹೊತ್ತು ನಿಲ್ಲುವಳು. ಅವರು ಗೋಡೆಗೆ ಮುಖಮಾಡಿ ನುಡಿಸುವರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೋಗುವಳು. ಅವರಿಬ್ಬರ ನಡುವೆ ಒಂದು ಮಾತು ನಡೆದದ್ದನ್ನು ನಾನು ಕಾಣೆ. ಆದರೆ ಕಂಠಪ್ಪನವರು ಸಂತೆಯ ಹಿಂದಿನ ದಿನವೇ ತಂತಿಗಳನ್ನು ಒರೆಸಿಡುತ್ತಿದ್ದುದನ್ನು, ಆ ವರ್ಷ ಹೊಸದೊಂದು ಕೋಟು ಹೊಲಿಸಿದ್ದನ್ನು ಕಂಡಿದ್ದೇನೆ.

ಊರಿಗೆ ಕಣ್ಣಿತ್ತು. ಹೋಟೆಲಿನ ಬೆಂಚುಗಳಿಗೆ ಬಾಯಿಯೂ ಇತ್ತು. ಒಂದು ಮಧ್ಯಾಹ್ನ ನಂಜಣ್ಣ ಷೆಡ್ಡಿಗೆ ಬಂದ. ಸಿಟ್ಟಿರಲಿಲ್ಲ, ಅದರಿಂದಲೇ ಕಷ್ಟವಾಯಿತು.

"ನಿಮ್ಮಲ್ಲಿ ತಪ್ಪಿಲ್ಲ ಸ್ವಾಮಿ, ನಾ ಬಲ್ಲೆ. ನಮ್ಮತ್ಗೇಲೂ ಇಲ್ಲ. ಆದ್ರೆ ನೀವು ಗಂಡಸ್ರು, ಎಲ್ಲಾದ್ರೂ ಓಗ್ತೀರಿ. ಆವಮ್ಮ ಈ ಜನದ ಮದ್ಯೇನೇ ಬದುಕ್ಬೇಕು."

"ಸರಿ ಕಣಪ್ಪ" ಎಂದರು ಕಂಠಪ್ಪನವರು. ಅವನು ಹೋದ ಮೇಲೆ ಆರು ತಂತಿಗಳನ್ನೂ ಒಂದೊಂದಾಗಿ ಸಡಿಲಿಸಿ, ಸುರುಳಿ ಸುತ್ತಿ, ಕರ್ಚೀಫಿನಲ್ಲಿ ಕಟ್ಟಿಟ್ಟರು.

ಮುಂದಿನ ಸಂತೆಗೆ ಅವಳು ಬಂದಾಗ ಅವರು ಲಾರಿಯ ಕೆಳಗೆ ಮಲಗಿ ಸ್ಪ್ರಿಂಗಿಗೆ ಗ್ರೀಸು ಹಚ್ಚುತ್ತಿದ್ದರು. ಅವಳು ನಿಂತಳು. ಬಿಸಿಲು ಬೇಲಿಯ ಈಚೆಯಿಂದ ಆಚೆಗೆ ಸರಿಯಿತು. ಹೋದಳು. ಮರುವಾರವೂ ಬಂದು ನಿಂತು ಹೋದಳು. ಅದರ ಮರುವಾರ ಬರಲಿಲ್ಲ.

"ಒಂದು ಮಾತು ಹೇಳಿ ಕಳಿಸಬಹುದಿತ್ತಲ್ಲ" ಎಂದೆ ನಾನು.

"ಮಾತಲ್ಲಿ ಹೇಳೋಕಾಗಿದ್ರೆ ಗಿಟಾರು ಯಾಕೆ ಬೇಕಿತ್ತು ಮೇಷ್ಟ್ರೇ" ಎಂದರು.

ಐವತ್ತೊಂಬತ್ತರಲ್ಲಿ ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆ ಕಟ್ಟುವ ಕೆಲಸ ಶುರುವಾದಾಗ, ಮಣ್ಣು ಹೊಡೆಯುವ ಲಾರಿಗೆ ಡ್ರೈವರು ಬೇಕೆಂದು ತಿಳಿದು ಅವರು ಹೊರಟುಹೋದರು. ಬಸ್ಸಿನ ಮೇಲೆ ಒಂದು ಟ್ರಂಕು, ಗೋಣಿಯಲ್ಲಿ ಸುತ್ತಿದ ಗಿಟಾರು. ಅದೇ ವರ್ಷದ ಕೊನೆಗೆ ನಮ್ಮ ಶಾಲೆಯ ಜವಾನನ ತಾಯಿ ಸತ್ತು ನಾನು ಗುರುಪುರಕ್ಕೆ ಹೋದೆ. ಹೆಂಗಸರ ನಡುವೆ ಒಬ್ಬಳು ಅಳುವ ಹಾಡನ್ನು ಹೇಳಿಕೊಡುತ್ತಿದ್ದಳು, ಉಳಿದವರು ಅನುಸರಿಸುತ್ತಿದ್ದರು. ಆ ಗಾಂಧಾರದ ಗುರುತು ನನಗೆ ಹತ್ತಿತು. ಏರಲು ಹೋಗಿ ಏರಲಾರದೆ ನಡುವೆ ನಿಂತು ಬಳುಕಿ ಇಳಿಯುವ ಆ ಸ್ವರ ನಮ್ಮ ಸೀಮೆಯ ಅಳುವಿನದಲ್ಲ. ಹೇಳಿಕೊಡುತ್ತಿದ್ದವಳು ಚಿಕ್ಕಬೀರಮ್ಮ.

ಹೊರಗೆ ಸಿಕ್ಕಾಗ ಅವಳೇ ಕೇಳಿದಳು: "ಅವ್ರು ಎಂಗವ್ರೆ ಸ್ವಾಮಿ?"

ನನಗೆ ಗೊತ್ತಿರಲಿಲ್ಲ. ಚೆನ್ನಾಗಿದ್ದಾರೆ ಎಂದೆ.

"ಚಿಕ್ಕೋಳಿಂದ್ಲೂ ನಂಗೆ ಅಳಕ್ಕೇ ಬತ್ತಿರ್ನಿಲ್ಲ. ಅವ್ರ ಪೆಟ್ಗೆ ಕಲಿಸ್ತು. ಈಗ ಸುತ್ಲೂ ಯಾರು ಸತ್ರೂ ನನ್ನೇ ಕರೀತಾರೆ."

ಇದನ್ನೆಲ್ಲ ಬರೆದು ಬೀಚನಹಳ್ಳಿಗೆ ಒಂದು ಕಾಗದ ಹಾಕಿದೆ. ಎರಡು ತಿಂಗಳ ಮೇಲೆ ಕಾರ್ಡು ಬಂತು. "ತಿಳಿಯಿತು. ಇಲ್ಲಿ ಎಲ್ಲ ಕ್ಷೇಮ. ಕಂಠಪ್ಪ" ಎಂದಿತ್ತು. ಉಳಿದ ಜಾಗ ಖಾಲಿಯಿತ್ತು.

ಕಟ್ಟಿಕೊಂಡ ಅಳುವಿಗೆ ದಾರಿ ಬಿಡಿಸಿಕೊಡುವವರು ಎಲ್ಲ ಊರುಗಳಲ್ಲೂ ಒಬ್ಬಿಬ್ಬರು ಇರುತ್ತಾರೆಂದು ನನಗೆ ಈಚೆಗೆ ತೋರುತ್ತದೆ. ಎಲ್ಲಿಯೋ ಯಾರದೋ ಸಂಕಟದಲ್ಲಿ ಕಲಿತ ವಿದ್ಯೆಯನ್ನು ಹೊತ್ತು ತಂದು, ಶಿಷ್ಯರಿಲ್ಲದೆ, ಮೆಚ್ಚುವವರಿಲ್ಲದೆ, ಅಗತ್ಯ ಬಿದ್ದ ದಿನ ಸುಮ್ಮನೆ ಬಂದು ಕೂರುತ್ತಾರೆ. ಆ ದಿನ ನಮಗೆ ಅವರು ಬೇಕು. ಮರುದಿನದಿಂದ, ನಾವು ಅತ್ತದ್ದನ್ನು ಕಂಡವರೆಂಬ ಕಾರಣಕ್ಕೇ, ಅವರನ್ನು ಎದುರುಗೊಳ್ಳಲು ನಮಗೆ ಸಂಕೋಚ. ಅವರಿಗೂ ಇದು ತಿಳಿದಿರುತ್ತದೆ. ಆದ್ದರಿಂದಲೇ ದೂರ ಹೋಗುತ್ತಾರೆ. ಅವರು ಕೊಟ್ಟದ್ದು ಹುಟ್ಟಿನಿಂದ ನಮ್ಮದೇ ಎಂಬಷ್ಟು ಸಲೀಸಾಗಿ ನಮ್ಮ ಗಂಟಲಿನಲ್ಲಿ ಉಳಿದುಕೊಳ್ಳುತ್ತದೆ, ಅವರ ಸ್ವಂತ ಅಳುವನ್ನು ಯಾರು ಕೇಳಿದರೆಂದು ವಿಚಾರಿಸುವುದು ಯಾರಿಗೂ ಹೊಳೆಯುವುದಿಲ್ಲ.