ಬಯಕೆಯ ಮೊಸರನ್ನ

ಸೋಪಿನ ವಾಸನೆ ಬೆರಳ ಸಂದಿಯಿಂದ ಹೋಗುತ್ತಲೇ ಇಲ್ಲ, ಆಸ್ಪತ್ರೆಯ ಈ ನಲ್ಲಿಯ ಕೆಳಗೆ ಬೆಳಗಿನಿಂದ ಎಷ್ಟು ಸಲ ಕೈಯೊಡ್ಡಿದೆನೋ, ಚರ್ಮ ಬಿಳಿಚಿ ಸುಕ್ಕುಗಟ್ಟಿದೆ, ಹೊರಗೆ ಪಿ.ಜೆ. ಬಡಾವಣೆಯ ಆಟೋಗಳ ಗದ್ದಲ, ಒಳಗೆ ನನ್ನ ಕೃತಿಕಾ — ಚೊಚ್ಚಲ ಹೆರಿಗೆಗೆಂದು ಹರಿಹರಕ್ಕೆ, ನನ್ನ ಮನೆಗೆ ಬಂದ ಮಗಳು, ಈಗ ಮಂಚದ ಮೇಲೆ ಇಷ್ಟೇ ಇಷ್ಟಾಗಿ ಮಲಗಿದ್ದಾಳೆ, ಹೊಟ್ಟೆ ಇಳಿದುಹೋಗಿದೆ, ಟೈಫಾಯ್ಡ್ ಜ್ವರದ ತಾಪಕ್ಕೆ ದಿನ ತುಂಬುವ ಮೊದಲೇ ಹೆರಿಗೆಯಾಗಿ ಕೂಸು ಅಳಲೇ ಇಲ್ಲ, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೇ ಕೊಟ್ಟರು, ಎಷ್ಟು ಹಗುರವಿತ್ತು, ಆಗ ನನಗೇನೂ ಗೊತ್ತಿರಲಿಲ್ಲ, ದೇವರನ್ನು ಬೈಯುತ್ತಿದ್ದೆ. ನಾನು ಅಡುಗೆ ಮಾಡುವ ಖಾನಾವಳಿಯಲ್ಲಿ ಉಂಡವರೂ ಕೆಲವರು ಇದೇ ಜ್ವರದಿಂದ ಮಲಗಿದರಂತೆ, ಆರೋಗ್ಯ ಇಲಾಖೆಯ ನೂರೀನ್ ಮೇಡಂ ಬಂದು ಅಡುಗೆಯವರೆಲ್ಲರ ಮಲ ಪರೀಕ್ಷೆಗೆ ಕಳಿಸಿದಳು, ಇವತ್ತು ಇಲ್ಲಿಗೇ ಬಂದು ನನ್ನನ್ನು ಮೂಲೆಗೆ ಕರೆದು ಮೆಲ್ಲಗೆ ಹೇಳಿದಳು, ಗುರುಶಾಂತಮ್ಮಾರೆ, ಆ ರೋಗದ ಕ್ರಿಮಿ ನಿಮ್ಮ ಹೊಟ್ಟ್ಯಾಗೈತ್ರಿ. ನನಗೇನಾಗೈತವ್ವ, ಗಟ್ಟಿ ಅದೀನಿ. ಕೆಲವ್ರಿಗೆ ಹಂಗೇರಿ, ಹಿಂದೆ ಬಂದಿದ್ದ ಜ್ವರ ವಾಸಿಯಾದ್ರೂ ಕ್ರಿಮಿ ಒಳಗ ಉಳೀತದೆ, ಸಂಡಾಸಿಗೆ ಹೋಗಿ ಬಂದು ಸೋಪು ಹಚ್ಚಿ ತೊಳೀತಿದ್ರೇನು? ತೊಳೆಯುತ್ತಿದ್ದೆ, ನೀರಿನಲ್ಲಿ, ಹೊರಗೆ ಗಿರಾಕಿಗಳು ತಟ್ಟೆ ಮುಂದೆ ಕೂತಿರುತ್ತಿದ್ದರು, ಸೋಪು ಹುಡುಕಲು ಯಾರಿಗೆ ಪುರಸೊತ್ತು, ನೀರಿಗೆ ಹೋಗದಂಥದ್ದು ಕೈಗೆ ಏನಂಟಿರುತ್ತದೆ ಎಂದುಕೊಂಡಿದ್ದೆ — ರೊಟ್ಟಿ ಹಂಚಿನ ಮೇಲೆ ಬೇಯ್ತದ್ರಿ, ಕ್ರಿಮಿ ಸಾಯ್ತದೆ, ಬೇಯಿಸದೆ ಕೈಲಿ ಕಲಸಿದ್ದೇ ಕಷ್ಟ, ಎಂದಳು ಮೇಡಂ, ಮೊಸರನ್ನ ಯಾರು ಬೇಯಿಸುತ್ತಾರೆ, ಬಯಕೆ ಎಂದು ದಿನಾ ಅದನ್ನೇ ಕೇಳುತ್ತಿದ್ದಳು ಕೃತಿಕಾ, ಚಮಚ ಬ್ಯಾಡವ್ವಾ, ಕೈಲೇ ಕಲಸು, ನಾನು ಹಿಗ್ಗಿ ತುತ್ತು ಮಾಡಿ ಮಾಡಿ ಕೊಡುತ್ತಿದ್ದೆ, ಇಬ್ಬರ ಪಾಲು ಉಣ್ಣವ್ವ ಎನ್ನುತ್ತಿದ್ದೆ. ಬಾಗಿಲಲ್ಲಿ ಅಳಿಯ ಬಸವಪ್ರಭು, ಅವನಿಗೂ ಮೇಡಂ ವಿಷಯ ತಿಳಿಸಿದ್ದಾಳೆ, ಒಳಗ ಹೋಗ್ರಿ ಅತ್ತಿ, ಏನೂ ತಿನ್ನಿಸಬ್ಯಾಡ್ರಿ, ಅವಳಿಗೆ ಈಗ ಹೇಳಾದು ಬ್ಯಾಡ, ನನ್ನ ಮುಖ ನೋಡದೆ ಗೋಡೆಗೆ ಹೇಳಿದ, ನರ್ಸು ಗಂಜಿ ತಂದಿಟ್ಟಿದ್ದಾಳೆ, ಕೃತಿಕಾ ಕಣ್ಣು ಬಿಟ್ಟಳು, ಅವ್ವಾ, ನೀನೇ ಉಣಿಸು. ನರ್ಸಮ್ಮ ಉಣಿಸ್ತಾಳವ್ವ. ಯಾಕ, ನೀನ್ ಯಾಕ ಉಣಿಸಲ್ಲ. ಕೈ ನೋಯ್ತೈತೆ ಎಂದೆ, ಸೆರಗಿನೊಳಗೆ ಕೈ ಸುತ್ತಿಕೊಂಡೆ, ಅವಳು ಅದನ್ನೇ ನೋಡಿದಳು, ಕಣ್ಣಲ್ಲಿ ನೀರು ತುಂಬಿತು, ಕೂಸು ಉಳಿಸ್ಕಳ್ಳಲಿಲ್ಲ ಅಂತ ನನ್ ಮ್ಯಾಲೆ ಸಿಟ್ಟೇನವ್ವಾ, ಮುಟ್ಟಾಕೂ ಬ್ಯಾಡಾದ್ನೇನು, ಅಯ್ಯೋ ಇಲ್ಲ ಮಗಳೇ, ಇಲ್ಲ, ಹಂಗಾರ ಒಂದ್ ತುತ್ತು ಕೊಡು, ಬಾಯಿ ತೆರೆದಳು, ಹಕ್ಕಿಮರಿಯ ಹಾಗೆ, ಬಸವಪ್ರಭು ಬೇಡವೆಂದು ತಲೆಯಾಡಿಸುತ್ತಿದ್ದಾನೆ, ಸುಮ್ಮನಿದ್ದರೆ ಇವಳು ಬದುಕಿಡೀ ತನ್ನದೇ ತಪ್ಪೆಂದು ಹೊರುತ್ತಾಳೆ, ಹೇಳಿಬಿಟ್ಟೆ, ಆ ಜ್ವರ ನನ್ ಕೈಯಿಂದನೇ ಬಂದದ್ದವ್ವಾ, ನಾ ಕಲಸಿ ಕೊಟ್ಟ ಮೊಸರನ್ನದಾಗ, ಗೊತ್ತಿರಲಿಲ್ಲವ್ವಾ — ತುತ್ತಿಗೆಂದು ತೆರೆದ ಅವಳ ಬಾಯಿ ತೆರೆದೇ ಇದೆ, ತುಟಿ ಒಣಗಿ ಸಿಪ್ಪೆಯೆದ್ದಿದೆ, ನರ್ಸು ಚಮಚ ಬಾಯಿಗಿಟ್ಟರೂ ಮುಚ್ಚುತ್ತಿಲ್ಲ, ನುಂಗುತ್ತಿಲ್ಲ, ಗಂಜಿ ಗಲ್ಲಕ್ಕಿಳಿಯುತ್ತಿದೆ, ತೆರೆದ ಬಾಯಿ, ನನ್ನನ್ನೇ ನೋಡುತ್ತ ತೆರೆದ ಬಾಯಿ, ತೆರೆದ ಬಾಯಿ —