ಮೇಜಿನ ಕೆಳಗೆ ಹೋಗದವಳು

ನಾನು ಐದನೇ ಕ್ಲಾಸಿನಲ್ಲಿದ್ದದ್ದು ಐವತ್ತೊಂಬತ್ತರಲ್ಲಿ. ಪೆನ್ಸಿಲ್ವೇನಿಯಾದ ನಮ್ಮ ಊರಿನಲ್ಲಿ ಎಲ್ಲರ ಅಪ್ಪಂದಿರೂ ಉಕ್ಕಿನ ಕಾರ್ಖಾನೆಗೇ ಹೋಗುತ್ತಿದ್ದರು. ಪ್ರತಿ ಮಂಗಳವಾರ ಬೆಳಿಗ್ಗೆ ಶಾಲೆಯ ಸೈರನ್ ಕೂಗುತ್ತಿತ್ತು. ರಷ್ಯಾದವರ ಬಾಂಬು ಬಿದ್ದರೆ ಏನು ಮಾಡಬೇಕೆಂಬುದರ ಅಭ್ಯಾಸ ಅದು. ಮೇಜಿನ ಕೆಳಗೆ ನುಸುಳಿ, ಮಂಡಿಯೂರಿ, ಕತ್ತಿನ ಮೇಲೆ ಎರಡೂ ಕೈ ಇಟ್ಟುಕೊಳ್ಳಬೇಕು.

ಒಂದು ಸೋಮವಾರ ರಾತ್ರಿ ಮನೆಯಲ್ಲಿ ಊಟದ ಹೊತ್ತಿಗೆ ಈ ವಿಷಯ ಹೇಳಿದೆ. ಯುದ್ಧ ಮುಗಿದ ಮೇಲೆ ಸೈನ್ಯದ ಜೊತೆ ಹಿರೋಶಿಮಾಕ್ಕೆ ಹೋಗಿದ್ದ ಅಪ್ಪ ಆ ಊರಿನ ಸುದ್ದಿಯನ್ನು ಎಂದೂ ಎತ್ತಿದವರಲ್ಲ. ಅವತ್ತು ಮಾತ್ರ ಚಮಚ ಕೆಳಗಿಟ್ಟರು.

"ಐರಿನ್, ಅಲ್ಲಿ ಕಬ್ಬಿಣದ ತೊಲೆಗಳೇ ಬಾಗಿ ಹೋಗಿದ್ವು ಕಣೇ. ನಿಮ್ಮ ಮೇಜು ಯಾವ ಲೆಕ್ಕ!"

ಮರುದಿನ ಸೈರನ್ ಕೂಗಿತು. ಎಲ್ಲರೂ ಕೆಳಗೆ ನುಸುಳಿದರು. ನಾನು ನಿಂತೇ ಇದ್ದೆ.

"ಐರಿನ್ ಹ್ಲಾವಾಚ್, ಕೆಳಗೆ!" ಎಂದರು ನಮ್ಮ ಟೀಚರ್ ಮಿಸ್ ಕ್ರಾಫರ್ಡ್.

"ಕಬ್ಬಿಣಾನೇ ತಡೀಲಿಲ್ವಂತೆ ಮಿಸ್. ಈ ಹಲಗೆ ತಡೆಯುತ್ತಾ?"

ಪಕ್ಕದ ಮೇಜಿನಡಿಯಿಂದ ರೇ ಡಾಬಿನ್ಸ್ ಕಿಸಕ್ಕೆಂದ. "ಮೊದ್ಲು ಸುಟ್ಟು ಕರಕಲಾಗೋದು ನೀನೇ ನೋಡು!"

"ನೀನು ಕುಂಡಿ ಮೇಲೆತ್ಕೊಂಡು ಸುಟ್ಟುಹೋಗು. ನಾನು ನಿಂತ್ಕೊಂಡೇ ಹೋಗ್ತೀನಿ!"

ಇಡೀ ಕ್ಲಾಸು ಮೇಜಿನಡಿಯಲ್ಲೇ ನಕ್ಕಿತು. ಮಿಸ್ ಕ್ರಾಫರ್ಡ್ ನನ್ನ ತೋಳು ಹಿಡಿದು ಹೆಡ್‌ಮಾಸ್ಟರ್ ಕೋಣೆಗೆ ಎಳೆದೊಯ್ದರು.

ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದ ಅಮ್ಮನಿಗೆ ಫೋನ್ ಹೋಯಿತು. ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡೇ ಬಂದಳು. ಹೆಡ್‌ಮಾಸ್ಟರ್ ಟಿಂಡಲ್ ಗಂಟಲು ಸರಿಮಾಡಿಕೊಂಡರು.

"ನೋಡಿ ಅಮ್ಮಾ, ಇಂಥ ಮಾತನ್ನ ಮಕ್ಕಳಿಗೆ ಯಾರು ಹೇಳಿಕೊಡ್ತಾರೆ ಅಂತ ನಮಗೂ ಗೊತ್ತು. ನಿಮ್ಮನೇಲಿ ಕಮ್ಯುನಿಸ್ಟರು ಯಾರಾದ್ರೂ..."

"ನನ್ನ ಗಂಡ ಈ ದೇಶದ ಯೂನಿಫಾರ್ಮ್ ಹಾಕ್ಕೊಂಡು ಆ ಊರನ್ನ ಕಣ್ಣಾರೆ ನೋಡಿ ಬಂದಿದಾರೆ. ತಾವೆಲ್ಲಿದ್ರಿ ಸ್ವಾಮಿ ಆವಾಗ?"

ಟಿಂಡಲ್ ಮುಂದಿದ್ದ ಕಾಗದಗಳನ್ನು ಜೋಡಿಸತೊಡಗಿದರು. ಅಮ್ಮ ಬಿಡಲಿಲ್ಲ.

"ಹುಡುಗಿ ಕೇಳಿದ್ದಕ್ಕೆ ಉತ್ತರ ಕೊಡಿ. ಆ ಮೇಜು ಉಳಿಸುತ್ತೆ ಅಂತ ನೀವು ಆಣೆ ಮಾಡಿದ್ರೆ, ಅದರ ಕೆಳಗೆ ನಾನೇ ಹೋಗಿ ಕೂರ್ತೀನಿ."

ಆಣೆಯ ಬದಲು ಅವರು ಮೂರು ದಿನ ನನ್ನನ್ನು ಶಾಲೆಯಿಂದ ಹೊರಗಿಟ್ಟರು. ದಾರಿಯಲ್ಲಿ ಅಮ್ಮ ಒಂದೇ ಮಾತು ಕೇಳಿದಳು: "ಹೆದರಿಕೆ ಆಯ್ತೇನೇ?"

"ಆಯ್ತು."

"ಆಗ್ಲಿ ಬಿಡು. ಹೆದರಿಕೊಂಡೂ ನಿಂತ್ಕೋಬಹುದು."

ಮುಂದಿನ ಮಂಗಳವಾರ ಸೈರನ್ ಕೂಗಿದಾಗ ಮತ್ತೆ ನಿಂತೆ. ಮಿಸ್ ಕ್ರಾಫರ್ಡ್ ನನ್ನ ಹೆಸರು ಬರೆದುಕೊಳ್ಳುತ್ತಿದ್ದಂತೆ ಹಿಂದಿನ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ತಿರುಗಿ ನೋಡಿದರೆ, ವರ್ಷವಿಡೀ ಯಾರೊಂದಿಗೂ ಬಾಯಿ ಬಿಡದ ಜೋನ್ ಬೆಡೋ ಎದ್ದು ನಿಂತಿದ್ದಳು.

"ಇನ್ನೊಂದು ಹೆಸರು ಬರ್ಕೊಳ್ಳಿ, ಮಿಸ್," ಎಂದಳು.

ಬೇಸಿಗೆ ರಜೆ ಬರುವಷ್ಟರಲ್ಲಿ ನಾವು ಏಳು ಜನರಾಗಿದ್ದೆವು. ರೇ ಕೊನೆಯವರೆಗೂ ಮೇಜಿನ ಕೆಳಗೇ ಇದ್ದ. ಏಳೂ ಜನರ ಅಂಕಪಟ್ಟಿಯಲ್ಲಿ 'ನಡತೆ ಕೆಟ್ಟದ್ದು' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದರು. ಅಪ್ಪ ನನ್ನದನ್ನು ಎರಡು ಸಲ ಓದಿ, ರುಜು ಹಾಕಿ, ಊಟಕ್ಕೆ ಬಂದಿದ್ದ ಕಾರ್ಖಾನೆಯ ಗೆಳೆಯರಿಗೆಲ್ಲ ತೋರಿಸಿದರು.